ಆರು ಪಾಯಿಂಟ್ ಮೂರು

ಮನೆಯಲ್ಲೇ ಕೂತು ವಾಲ್ವ್ ಗಿಟಾರ್ ಆಂಪ್ಲಿಫೈಯರ್ ಕಟ್ಟಿದವರಿಗೆ ಗೊತ್ತು: ಸ್ವಿಚ್ ಹಾಕಿದ ಮೇಲೆ ಗಾಜಿನೊಳಗೆ ಕೆಂಡದ ಬಣ್ಣ ಮೂಡುವ ಹೊತ್ತಿನ ಖುಷಿ ಬೇರೆಯೇ. ಅದು ಬಹಳ ಹೊತ್ತು ಉಳಿಯುವುದಿಲ್ಲ. ಮಲ್ಟಿಮೀಟರಿನ ಕಡ್ಡಿಗಳನ್ನು ಹೀಟರ್ ಪಿನ್ನುಗಳಿಗೆ ಹಿಡಿದರೆ 6.3 ಇರಬೇಕಾದ ಕಡೆ 6.9 ಬರುತ್ತದೆ, 7 ಬರುತ್ತದೆ. ನನ್ನ ಮೊದಲ ಆಂಪ್ಲಿಫೈಯರಿನಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ 7.2 ಬಂದಿತ್ತು. ಆಗಿನಿಂದ ‘ಹೀಟರ್ ವೋಲ್ಟೇಜ್ ಇಳಿಸುವುದು ಹೇಗೆ’ ಎಂಬ ಪ್ರಶ್ನೆ ಬೆನ್ನು ಹತ್ತಿತು. ಉತ್ತರಗಳಿಗೆ ಬರವಿಲ್ಲ: ಒಬ್ಬರು ರೆಸಿಸ್ಟರ್ ಹಾಕು ಎಂದರು, ಇನ್ನೊಬ್ಬರು ಡಯೋಡ್, ಮತ್ತೊಬ್ಬರು ಡಿಸಿ ಮಾಡಿಬಿಡು ಎಂದರು. ಯಾರೂ ಕೇಳದೆ ಬಿಟ್ಟ ಪ್ರಶ್ನೆ ಒಂದೇ: ಅದು ಏರಿದ್ದಾದರೂ ಯಾಕೆ?

ಮೊದಲು ಈ 6.3 ಎಂಬ ವಿಚಿತ್ರ ಅಂಕಿಯ ಮೂಲ ನೋಡೋಣ. 1920ರ ದಶಕದ ಕೊನೆಗೆ ಅಮೆರಿಕದ ರೇಡಿಯೊಗಳಲ್ಲಿ 2.5 ವೋಲ್ಟಿನ ಹೀಟರುಗಳೇ ಸಾಮಾನ್ಯವಾಗಿದ್ದವು. ಆಮೇಲೆ ಕಾರಿನಲ್ಲಿ ರೇಡಿಯೊ ಬಂತು. ಆ ಕಾಲದ ಕಾರಿನ ಬ್ಯಾಟರಿಯಲ್ಲಿ ಮೂರು ಸೆಲ್ಲು, ತುಂಬಿದ ಒಂದೊಂದು ಸೆಲ್ಲಿಗೆ 2.1 ವೋಲ್ಟು, ಮೂರಕ್ಕೆ 6.3. ಕಾರಿಗೆಂದು ಹುಟ್ಟಿದ ಅಂಕಿ ಮನೆಯ ರೇಡಿಯೊಗೂ ಅಲ್ಲಿಂದ ಗಿಟಾರ್ ಆಂಪ್ಲಿಫೈಯರಿಗೂ ಬಂದು ನೆಲೆಸಿತು. ವಾಲ್ವಿನ ಹೆಸರಿನಲ್ಲೇ ಇದು ಅಚ್ಚಾಗಿದೆ. ಅಮೆರಿಕದ 6ವಿ6, 12ಎಎಕ್ಸ್7, 5ವೈ3 ಎಂಬ ಹೆಸರುಗಳ ಮೊದಲ ಅಂಕಿ ಹೀಟರ್ ವೋಲ್ಟೇಜನ್ನೇ ಹೇಳುತ್ತದೆ. ಯುರೋಪಿನವರ ಇಸಿಸಿ83, ಇಎಲ್84ಗಳಲ್ಲಿ ಮೊದಲ ‘ಇ’ ಅಕ್ಷರಕ್ಕೆ 6.3 ವೋಲ್ಟ್ ಎಂದೇ ಅರ್ಥ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಗೆ ಇಳಿದಾಗ ಪಾಲಿಸಿದ್ದೂ ಈ ಯುರೋಪಿನ ಹೆಸರುಗಳನ್ನೇ. ಅಜ್ಜನ ಕಾಲದ ವಾಲ್ವ್ ರೇಡಿಯೊ ಬಿಚ್ಚಿದವರು ಬಿಇಎಲ್ ಮುದ್ರೆ ನೋಡಿರುತ್ತಾರೆ.

ಹೀಟರ್ ಮಾಡುವ ಕೆಲಸ ಒಂದೇ, ಕ್ಯಾಥೋಡನ್ನು ಕಾಯಿಸುವುದು. ಕ್ಯಾಥೋಡ್ ಎಂದರೆ ನಿಕ್ಕಲ್ ಕೊಳವೆ, ಅದರ ಮೇಲೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡಿನ ಬಿಳಿ ಲೇಪ. ಜರ್ಮನಿಯ ಆರ್ಥರ್ ವೆಹ್ನೆಲ್ಟ್ 1904ರಲ್ಲಿ ಕಂಡುಕೊಂಡ ಈ ಲೇಪ ಸುಮಾರು 750 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಧಾರಾಳವಾಗಿ ಎಲೆಕ್ಟ್ರಾನ್ ಬಿಡುತ್ತದೆ. ಬರಿಯ ಟಂಗ್‌ಸ್ಟನ್ ತಂತಿಗೆ ಇದಕ್ಕಿಂತ ಎರಡು ಪಟ್ಟು ಮೀರಿದ ಶಾಖ ಬೇಕು. ಅಷ್ಟು ಕಡಿಮೆ ಶಾಖದಲ್ಲಿ ಕೆಲಸ ನಡೆಯುವುದಕ್ಕೆ ಕಾರಣ, ಲೇಪದ ಮೈಮೇಲೆ ಸದಾ ಇರುವ ಬೇರಿಯಂ ಲೋಹದ ತೆಳು ಪದರ. ಅದು ಒಂದು ಕಡೆಯಿಂದ ಆವಿಯಾಗುತ್ತಿರುತ್ತದೆ, ಇನ್ನೊಂದು ಕಡೆ ಒಳಗಿನಿಂದ ಹುಟ್ಟುತ್ತಿರುತ್ತದೆ. ವಾಲ್ವಿನ ಆಯುಷ್ಯ ಈ ಆಯ–ವ್ಯಯದ ಮೇಲೆ ನಿಂತಿದೆ.

ಹೀಟರಿಗೆ 7 ವೋಲ್ಟು ಕೊಟ್ಟರೆ ಏನಾಗುತ್ತದೆಂದು ಲೆಕ್ಕ ಹಾಕಬಹುದು. ವೋಲ್ಟೇಜು ಶೇ. 11 ಹೆಚ್ಚಾಯಿತು. ಬಿಸಿಯಾದ ತಂತಿಯ ರೋಧ ಏರುವುದರಿಂದ ಕರೆಂಟು ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ. ಶಕ್ತಿ ಸುಮಾರು ಶೇ. 18 ಹೆಚ್ಚುತ್ತದೆ. ಶಾಖವನ್ನು ವಿಕಿರಣವಾಗಿ ಚೆಲ್ಲುವ ವಸ್ತುವಿನ ತಾಪ ಶಕ್ತಿಯ ನಾಲ್ಕನೇ ಮೂಲದಂತೆ ಏರುತ್ತದಾದ್ದರಿಂದ ಕ್ಯಾಥೋಡ್ ನಲವತ್ತು ಡಿಗ್ರಿಯ ಆಸುಪಾಸು ಹೆಚ್ಚು ಕಾಯುತ್ತದೆ. ಕೇಳಲು ಸಣ್ಣದು. ಆದರೆ ಬೇರಿಯಂ ಆವಿಯಾಗುವ ವೇಗ ತಾಪದೊಂದಿಗೆ ಜಿಗಿಜಿಗಿದು ಏರುತ್ತದೆ. ಆವಿಯಾದ ಬೇರಿಯಂ ಎಲ್ಲೋ ಹೋಗಿ ಕೂರಲೇಬೇಕಲ್ಲ; ಪಕ್ಕದಲ್ಲಿ ಎಲೆಕ್ಟ್ರಾನ್ ಹರಿವನ್ನು ಹಿಡಿತದಲ್ಲಿಡುವ ಗ್ರಿಡ್ ಮೇಲೆ ಕೂರುತ್ತದೆ. ಕಾದ ಗ್ರಿಡ್ ತಾನೂ ಎಲೆಕ್ಟ್ರಾನ್ ಉಗುಳತೊಡಗುತ್ತದೆ, ಪವರ್ ವಾಲ್ವಿನ ಬಯಾಸ್ ಜಾರುತ್ತದೆ, ಪ್ಲೇಟು ಕೆಂಪಾಗುತ್ತದೆ. ಹೀಟರ್ ಹೆಚ್ಚು ಕಾದರೆ ದಾರ ಕಡಿದು ವಾಲ್ವು ಸಾಯುತ್ತದೆಂದು ಬಹಳ ಜನ ತಿಳಿದಿದ್ದಾರೆ. ಹಾಗೆ ಸಾಯುವವು ಕಡಿಮೆ; ಸವೆದು ಸಾಯುವವೇ ಹೆಚ್ಚು.

ಹಾಗಾದರೆ 6.3ಕ್ಕಿಂತ ಕೆಳಗಿಳಿಸಿದರೆ ವಾಲ್ವು ನೂರು ವರ್ಷ ಬಾಳಬೇಕಲ್ಲ? ಈ ವಾದದ ಬೇರು ಬೇರೊಂದು ಜಾತಿಯ ವಾಲ್ವಿನಲ್ಲಿದೆ. ರೇಡಿಯೊ ಪ್ರಸಾರ ಕೇಂದ್ರಗಳ ದೊಡ್ಡ ವಾಲ್ವುಗಳ ಫಿಲಮೆಂಟು ಥೋರಿಯಂ ಬೆರೆತ ಟಂಗ್‌ಸ್ಟನ್. ಅಲ್ಲಿನ ಎಂಜಿನಿಯರುಗಳು ಹೊಸ ವಾಲ್ವು ಹಾಕಿ ಪಳಗಿಸಿದ ಮೇಲೆ ಫಿಲಮೆಂಟ್ ವೋಲ್ಟೇಜನ್ನು ಮೆಲ್ಲಮೆಲ್ಲಗೆ ಇಳಿಸುತ್ತಾರೆ. ಔಟ್‌ಪುಟ್ ಕುಗ್ಗತೊಡಗಿದ ಜಾಗದಿಂದ ತುಸು ಮೇಲಕ್ಕೆ ತಂದು ನಿಲ್ಲಿಸುತ್ತಾರೆ, ಆಯುಷ್ಯ ನಿಜವಾಗಿಯೂ ಹೆಚ್ಚುತ್ತದೆ. ಆ ಪಾಠವನ್ನು ಎತ್ತಿ ಆಕ್ಸೈಡ್ ಕ್ಯಾಥೋಡಿಗೆ ಅಂಟಿಸಿದರೆ ಹೊಂದುವುದಿಲ್ಲ. ಆಕ್ಸೈಡ್ ಲೇಪ ತಣ್ಣಗಾದರೆ ಬೇರಿಯಂ ಹುಟ್ಟುವುದೂ ನಿಧಾನವಾಗುತ್ತದೆ. ಗಾಜಿನೊಳಗೆ ಉಳಿದ ಚೂರುಪಾರು ಅನಿಲ ಆ ಪದರವನ್ನು ಕೆಡಿಸುತ್ತದೆ. ಇದಕ್ಕೆ ಕ್ಯಾಥೋಡ್ ವಿಷವೇರುವುದು ಎನ್ನುತ್ತಾರೆ. ಜೋರಾಗಿ ನುಡಿಸುವಾಗ ಪವರ್ ವಾಲ್ವಿನಿಂದ ನೂರು ಮಿಲಿಆಂಪಿಯರಿಗೂ ಮೀರಿದ ಕರೆಂಟು ಚಣಚಣಕ್ಕೆ ಚಿಮ್ಮಬೇಕು. ತಣ್ಣನೆಯ ಕ್ಯಾಥೋಡಿನಲ್ಲಿ ಅಷ್ಟು ದಾಸ್ತಾನಿಲ್ಲ.

ದಾಸ್ತಾನು ಎಂಬುದು ಇಲ್ಲಿ ಮುಖ್ಯವಾದ ಮಾತು. ಆರೋಗ್ಯವಾಗಿರುವ ಕ್ಯಾಥೋಡ್ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಎಲೆಕ್ಟ್ರಾನುಗಳನ್ನು ತನ್ನ ಮುಂದೆ ಮೋಡದಂತೆ ಗುಡ್ಡೆ ಹಾಕಿಕೊಂಡಿರುತ್ತದೆ. ಪ್ಲೇಟಿನತ್ತ ಎಷ್ಟು ಹರಿಯಬೇಕೆಂದು ನಿರ್ಧರಿಸುವುದು ಗ್ರಿಡ್ಡೂ ಪ್ಲೇಟೂ, ಕ್ಯಾಥೋಡಿನ ಶಾಖವಲ್ಲ. ಕೆರೆ ತುಂಬಿರುವಾಗ ಒಂದಡಿ ಇಳಿದರೂ ತೂಬಿನ ನೀರಿಗೆ ಅಷ್ಟಾಗಿ ತಿಳಿಯುವುದಿಲ್ಲವಲ್ಲ, ಹಾಗೆ. ಒಂದು ಮಿಲಿಆಂಪಿಯರ್ ಮಾತ್ರ ಎಳೆಯುವ ಇಸಿಸಿ83ಗೆ ಹೀಟರ್ 6 ಆದರೂ 6.3 ಆದರೂ ಸ್ವರದಲ್ಲಿ ವ್ಯತ್ಯಾಸ ಕಾಣಿಸುವುದು ಕಷ್ಟ. ಹಳೆಯ ಹಿಕಾಕ್ ವಾಲ್ವ್ ಟೆಸ್ಟರುಗಳು ಇದೇ ಗುಣವನ್ನು ಪರೀಕ್ಷೆಯಾಗಿ ಬಳಸುತ್ತಿದ್ದವು. ಅವುಗಳಲ್ಲಿ ಆಯುಷ್ಯ ಪರೀಕ್ಷೆಯ ಗುಂಡಿಯೊಂದಿತ್ತು. ಒತ್ತಿದರೆ ಹೀಟರ್ ವೋಲ್ಟೇಜು ಶೇ. 10ರಷ್ಟು ಇಳಿಯುತ್ತಿತ್ತು. ಮುಳ್ಳು ಅಲುಗಾಡದಿದ್ದರೆ ವಾಲ್ವಿನಲ್ಲಿ ಇನ್ನೂ ಕಸುವಿದೆ. ಕುಸಿದರೆ ಅದರ ದಾಸ್ತಾನು ಮುಗಿಯುತ್ತ ಬಂದಿದೆ. ಗುಜರಿಯಲ್ಲಿ ಸಿಕ್ಕ ಹಳೆಯ ಇಎಲ್84ಗಳನ್ನು ನಾನು ಈಗಲೂ ಹೀಗೇ ಜರಡಿ ಹಿಡಿಯುತ್ತೇನೆ. ಬೆಂಚಿನ ಮೇಲೆ ಹೀಟರನ್ನು 5.7ಕ್ಕೆ ಇಳಿಸಿ ಪ್ಲೇಟ್ ಕರೆಂಟ್ ನೋಡಿದರೆ ಮುದುಕರು ಯಾರು, ಗಟ್ಟಿಗರು ಯಾರು ಎಂದು ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಸಾಮಾನ್ಯ ವಾಲ್ವುಗಳಿಗೆ ಶೇ. 10 ಆಚೀಚೆ, ಅಂದರೆ 5.7ರಿಂದ 6.9ರವರೆಗೆ, ಸಹ್ಯವೆಂದು ಹಳಬರ ಲೆಕ್ಕ. ದೀರ್ಘಾಯುಷ್ಯ ಬೇಕೆನ್ನುವವರು ಶೇ. 5ರೊಳಗೆ, ಅಂದರೆ 6 ಮತ್ತು 6.6ರ ನಡುವೆ ಇಟ್ಟುಕೊಳ್ಳುತ್ತಾರೆ. ನನ್ನ ಮಟ್ಟಿಗೆ 6.1 ಮತ್ತು 6.4ರ ನಡುವೆ ಎಲ್ಲಿ ನಿಂತರೂ ಮೀಟರನ್ನು ಒಳಗಿಟ್ಟು ಗಿಟಾರ್ ಎತ್ತಿಕೊಳ್ಳುವುದು ಒಳ್ಳೆಯದು. 6.5 ಕಂಡು ನಿದ್ದೆಗೆಡುವವರನ್ನೂ ನೋಡಿದ್ದೇನೆ.

ಈಗ ಏರಿದ್ದು ಯಾಕೆ ಎಂಬುದಕ್ಕೆ ಬರೋಣ. ಕಾರಣಗಳು ಎರಡೇ, ಅವುಗಳ ಮದ್ದು ಮಾತ್ರ ಬೇರೆಬೇರೆ. ಒಂದು, ಗೋಡೆಯ ವೋಲ್ಟೇಜು ಟ್ರಾನ್ಸ್‌ಫಾರ್ಮರ್ ನಿರೀಕ್ಷಿಸಿದ್ದಕ್ಕಿಂತ ಹೆಚ್ಚಿದೆ. ಇದು ಎಲ್ಲ ದೇಶದ ಕತೆ. 1950ರ ದಶಕದ ಫೆಂಡರ್ ಆಂಪ್ಲಿಫೈಯರುಗಳು 117 ವೋಲ್ಟಿಗೆ ಲೆಕ್ಕ ಹಾಕಿದವು. ಇಂದು ಅಮೆರಿಕದ ಗೋಡೆಯಲ್ಲಿ 120 ಇದೆ, ಕೆಲವು ಕಡೆ ಇನ್ನೂ ಮೇಲೆ. ಯುರೋಪಿನವರು 220 ಮತ್ತು 240ನ್ನು ಸೇರಿಸಿ 230 ಎಂದು ಕಾಗದದ ಮೇಲೆ ಒಪ್ಪಂದ ಮಾಡಿಕೊಂಡರು, ಬ್ರಿಟನ್ನಿನ ಪ್ಲಗ್ಗಿನಲ್ಲಿ ಈಗಲೂ 240ರ ಸುತ್ತಲೇ ಬರುತ್ತದೆ. ನಮ್ಮಲ್ಲಿ ಹೆಸರಿಗೆ 230. ಸಂಜೆ ಏಳಕ್ಕೆ ಅದರ ಆಸುಪಾಸು ಇದ್ದದ್ದು ಬೀದಿಯೆಲ್ಲ ಮಲಗಿದ ಮೇಲೆ 245 ದಾಟುತ್ತದೆ. 220 ವೋಲ್ಟಿನ ಪ್ರೈಮರಿಗೆ, ಅಂದರೆ ಟ್ರಾನ್ಸ್‌ಫಾರ್ಮರಿನ ಗೋಡೆ ಕಡೆಯ ಸುರುಳಿಗೆ, 240 ಕೊಟ್ಟರೆ 6.3 ಇದ್ದದ್ದು 6.87 ಆಗಲೇಬೇಕು, ತ್ರೈರಾಶಿ ಸಾಕು, ಬೇರೆ ವಿದ್ಯೆ ಬೇಡ.

ಎರಡನೆಯ ಕಾರಣ, ಟ್ರಾನ್ಸ್‌ಫಾರ್ಮರಿನ ಹೀಟರ್ ವೈಂಡಿಂಗಿನ ಮೇಲೆ ಹೊರೆ ಸಾಲದಿರುವುದು. 6.3 ಎಂದು ಬರೆದಿರುವುದು ಪೂರ್ತಿ ಕರೆಂಟು ಎಳೆದಾಗಿನ ಮಾತು. ಉದಾಹರಣೆಗೆ, ಮನೆಯಲ್ಲಿ ಕಟ್ಟುವವರ ಅಚ್ಚುಮೆಚ್ಚಿನ ಫೆಂಡರ್ ಡಿಲಕ್ಸ್ 5ಇ3 ತೆಗೆದುಕೊಳ್ಳಿ. ಎರಡು 6ವಿ6, ಒಂದೊಂದಕ್ಕೆ 0.45 ಆಂಪಿಯರ್; ಮುಂದೆ ಎರಡು ಪುಟ್ಟ ವಾಲ್ವು, ಒಂದೊಂದಕ್ಕೆ 0.3. ಒಟ್ಟು ಒಂದೂವರೆ ಆಂಪಿಯರ್. ‘ಇರಲಿ ಬಿಡು’ ಎಂದು ಅಂಗಡಿಯವರು 4 ಆಂಪಿಯರಿನ ವೈಂಡಿಂಗ್ ಕೊಟ್ಟಿದ್ದರೆ ಒಳಗಿನ ತಂತಿಯಲ್ಲಿ ಕಳೆಯಬೇಕಾದ ವೋಲ್ಟು ಕಳೆಯುವುದೇ ಇಲ್ಲ, ಹೀಟರಿಗೆ ಬಂದು ಕೂರುತ್ತದೆ.

ಯಾವ ಕಾರಣ ಎಂದು ತಿಳಿಯುವುದು ಸುಲಭ. ಎಚ್‌ಟಿ, ಅಂದರೆ ಪ್ಲೇಟಿಗೆ ಹೋಗುವ ಹೈ ಟೆನ್ಷನ್ ವೋಲ್ಟೇಜು, ನೋಡಿ. ಹೀಟರಿನ ಜೊತೆಗೆ ಪ್ಲೇಟಿನ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಏರಿದ್ದರೆ, 350 ಇರಬೇಕಾದದ್ದು 380 ಇದ್ದರೆ, ತಪ್ಪು ಪ್ರೈಮರಿಯಲ್ಲಿದೆ. ಎಚ್‌ಟಿ ಸರಿಯಿದ್ದು ಹೀಟರ್ ಮಾತ್ರ ಏರಿದ್ದರೆ ಹೊರೆ ಸಾಲದು. ಹೀಟರ್ ಓದು ಇಡೀ ಆಂಪ್ಲಿಫೈಯರಿನ ಜ್ವರ ಅಳೆಯುವ ಥರ್ಮಾಮೀಟರು. ಮೊದಲ ಸಂದರ್ಭದಲ್ಲಿ ಹೀಟರಿಗೆ ಮಾತ್ರ ರೆಸಿಸ್ಟರ್ ಹಾಕಿದರೆ ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದಂತೆ. 6.3 ಎಂದು ಮೀಟರ್ ಹೇಳುತ್ತದೆ; ಕೆಪಾಸಿಟರುಗಳು, ಪವರ್ ವಾಲ್ವುಗಳು ಮೊದಲಿನಷ್ಟೇ ಬೇಯುತ್ತಿರುತ್ತವೆ. ಅಳೆಯುವ ಮುನ್ನ ಒಂದು ಮಾತು: ಎಚ್‌ಟಿ ಜೀವ ತೆಗೆಯುವ ವೋಲ್ಟೇಜು, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಒಂದು ಕೈ ಜೇಬಿನಲ್ಲಿರಲಿ.

ಪ್ರೈಮರಿಯ ರೋಗಕ್ಕೆ ಮದ್ದುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಎದುರು ಟ್ರಾನ್ಸ್‌ಫಾರ್ಮರ್. 18 ವೋಲ್ಟ್, 1 ಆಂಪಿಯರಿನ ಸಾಧಾರಣ ಟ್ರಾನ್ಸ್‌ಫಾರ್ಮರ್ ತಂದು ಅದರ ಪ್ರೈಮರಿಯನ್ನು ಗೋಡೆಗೆ ಕೊಟ್ಟು, ಸೆಕೆಂಡರಿಯನ್ನು ಆಂಪ್ಲಿಫೈಯರಿಗೆ ಹೋಗುವ ಲೈನಿನಲ್ಲಿ ತಿರುವುಮುರುವಾಗಿ ಸೇರಿಸಿದರೆ 240ರಿಂದ 18 ಕಳೆದು 222 ಉಳಿಯುತ್ತದೆ. ಹೀಟರ್ 6.87ರಿಂದ 6.36ಕ್ಕೆ, 382 ಇದ್ದ ಎಚ್‌ಟಿ 353ಕ್ಕೆ, ಒಂದೇ ಏಟಿಗೆ. 5ಇ3ಯಂಥ ಆಂಪ್ಲಿಫೈಯರ್ ಗೋಡೆಯಿಂದ ಎಳೆಯುವುದು 0.3 ಆಂಪಿಯರಿನ ಆಸುಪಾಸು, ಆದ್ದರಿಂದ ಈ ಪುಟ್ಟ ಟ್ರಾನ್ಸ್‌ಫಾರ್ಮರ್ ಬೆಚ್ಚಗೂ ಆಗುವುದಿಲ್ಲ. ಸೆಕೆಂಡರಿಯ ತುದಿ ಅದಲುಬದಲಾದರೆ 222ರ ಬದಲು 258 ಬರುತ್ತದೆ. ಹಾಗಾಗಿ ಆಂಪ್ಲಿಫೈಯರ್ ಜೋಡಿಸುವ ಮೊದಲು ಖಾಲಿ ಅಳೆದು ನೋಡಬೇಕು. ಇನ್ನೊಂದು ಎಚ್ಚರ: ಹೆಸರಿಗೆ 18 ವೋಲ್ಟಿನ ಆ ಸೆಕೆಂಡರಿ ಈಗ ಮೇನ್ಸಿಗೆ ನೇರವಾಗಿ ಅಂಟಿಕೊಂಡಿದೆ. ಅದನ್ನು 230 ವೋಲ್ಟಿನ ತಂತಿಯಂತೆಯೇ ಮುಚ್ಚಿ, ಫ್ಯೂಸ್ ಹಾಕಿ, ಅರ್ತ್ ಮಾಡಿದ ಲೋಹದ ಡಬ್ಬಿಯಲ್ಲಿಡಬೇಕು.

ವೇರಿಯಾಕ್, ಅಂದರೆ ಗುಬುಟು ತಿರುಗಿಸಿ ವೋಲ್ಟೇಜು ಹೊಂದಿಸುವ ಟ್ರಾನ್ಸ್‌ಫಾರ್ಮರ್, ಇಟ್ಟುಕೊಂಡರೂ ಕೆಲಸ ನಡೆಯುತ್ತದೆ, ಆದರೆ ಯಾರಾದರೂ ಗುಬುಟು ತಿರುಗಿಸಿಬಿಟ್ಟರೆ ಎಂಬ ಭಯ ಬಿಡುವುದಿಲ್ಲ. ವೇರಿಯಾಕ್ ಎಂದೊಡನೆ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ನೆನಪಾಗದಿರುವುದಿಲ್ಲ. 1978ರ ಮೊದಲ ಆಲ್ಬಮ್ಮಿನ ಕಾಲದಲ್ಲಿ ತನ್ನ ಮಾರ್ಷಲ್ ಆಂಪ್ಲಿಫೈಯರನ್ನು ವೇರಿಯಾಕಿನಿಂದ 90 ವೋಲ್ಟಿನ ಸುತ್ತ ಓಡಿಸುತ್ತಿದ್ದ. ಹಾಗೆ ಮಾಡಿದರೆ 6.3 ಹೋಗಿ 4.7ರ ಹತ್ತಿರಕ್ಕೆ ಬರುತ್ತದೆ. ‘ನೋಡಿ, ಹೀಟರ್ ಇಳಿಸಿದರೆ ಆ ಸ್ವರ ಬರುತ್ತದೆ’ ಎಂದು ಇದನ್ನೇ ಸಾಕ್ಷಿಯಾಗಿ ಹಿಡಿಯುವವರಿದ್ದಾರೆ. ಅಲ್ಲಿ ಎಚ್‌ಟಿಯೂ ಕಾಲುಭಾಗ ಕುಸಿದಿತ್ತು, ಬಯಾಸೂ ಬದಲಾಗಿತ್ತು, ಕೈ ಅವನದಾಗಿತ್ತು. ಹೀಟರಿಗೆ ಎಷ್ಟು ಪಾಲು ಸಲ್ಲಬೇಕೆಂದು ಅದರಿಂದ ಹೇಳಲಾಗದು. ನಾನು ಎಚ್‌ಟಿಯನ್ನು ಹಾಗೇ ಬಿಟ್ಟು ಹೀಟರನ್ನು ಮಾತ್ರ ಇಳಿಸಿ ಕೇಳಿದ್ದೇನೆ. 5.7ರವರೆಗೆ ಏನೂ ತಿಳಿಯಲಿಲ್ಲ. 5ರ ಕೆಳಗೆ ಪವರ್ ವಾಲ್ವು ಗಟ್ಟಿ ಹೊಡೆತಕ್ಕೆ ಬೇಗ ಉಸಿರುಗಟ್ಟಿ ಮೆತ್ತಗಾಯಿತು. ಕೆಲವರಿಗೆ ಅದು ಇಷ್ಟವಾಗಬಹುದು. ನನಗೆ ದಣಿದ ಆಂಪ್ಲಿಫೈಯರಿನಂತೆ ಕೇಳಿಸಿತು. ಕಡಿಮೆ ಪ್ಲೇಟ್ ವೋಲ್ಟೇಜಿನಲ್ಲಿ ಓಡುವ ವಾಲ್ವ್ ಪೆಡಲುಗಳನ್ನು ಇದಕ್ಕೆ ಬೆರೆಸಬಾರದು. ಅಲ್ಲಿ ಉಪವಾಸ ಪ್ಲೇಟಿಗೆ, ಹೀಟರಿಗಲ್ಲ.

ಎರಡನೆಯ ರೋಗಕ್ಕೆ, ಹೀಟರ್ ಮಾತ್ರ ಏರಿದ್ದರೆ, ರೆಸಿಸ್ಟರೇ ಸಾಕು. ಒಂದೂವರೆ ಆಂಪಿಯರಿಗೆ 0.6 ವೋಲ್ಟ್ ಕಳೆಯಬೇಕೆಂದರೆ 0.4 ಓಮ್. ಅಂಗಡಿಯಲ್ಲಿ ಸಿಗುವ 0.22 ಓಮಿನ ಎರಡು ವೈರ್‌ವೌಂಡ್ ರೆಸಿಸ್ಟರು ತಂದು ಎರಡು ತಂತಿಗೂ ಒಂದೊಂದು ಹಾಕಿದರೆ 0.66 ವೋಲ್ಟು ಇಳಿಯುತ್ತದೆ. ಒಂದೊಂದರಲ್ಲಿ ಅರ್ಧ ವ್ಯಾಟ್ ಶಾಖ. 5 ವ್ಯಾಟಿನದು ಹಾಕಿದರೆ ಮುಟ್ಟಲು ಬೆಚ್ಚಗಷ್ಟೇ. ಒಂದೇ ತಂತಿಗೆ 0.44 ಹಾಕಿದರೂ ಲೆಕ್ಕ ಸರಿಯೇ, ಆದರೆ ಹಮ್ ಅಡಗಿಸಲು ಹೀಟರಿನ ನಡುಬಿಂದುವನ್ನು ಎರಡು 100 ಓಮ್ ರೆಸಿಸ್ಟರಿನಿಂದಲೋ ಸೆಂಟರ್ ಟ್ಯಾಪಿನಿಂದಲೋ ಅರ್ತಿಗೆ ಕೊಟ್ಟಿರುತ್ತೇವಲ್ಲ, ಆ ಸಮತೋಲ ಹೋಗುತ್ತದೆ. ಎರಡು ಕಡೆಗೂ ಹಂಚಿದರೆ ಗುಂಯ್ ಎನ್ನುವ ಶನಿ ದೂರ. ತಣ್ಣಗಿರುವ ಹೀಟರಿನ ರೋಧ ಬಿಸಿಯಾದಾಗಿನದಕ್ಕಿಂತ ಐದಾರು ಪಟ್ಟು ಕಡಿಮೆ, ಸ್ವಿಚ್ ಹಾಕಿದ ಕ್ಷಣ ಕರೆಂಟು ನುಗ್ಗುತ್ತದೆ. ಕೆಲವು ಯುರೋಪಿನ ಇಸಿಸಿ83ಗಳು ಆಗ ಬಲ್ಬಿನಂತೆ ಫಳ್ಳೆಂದು ಹೊಳೆಯುವುದು ಅದಕ್ಕೇ. ರೆಸಿಸ್ಟರ್ ಆ ನುಗ್ಗಾಟವನ್ನೂ ತಡೆಯುತ್ತದೆ, ಇದು ಕೊಸರು ಲಾಭ. ಕೊರತೆಯೂ ಒಂದಿದೆ: ಒಂದು 6ವಿ6 ಕಿತ್ತರೆ ಕರೆಂಟು 1.05ಕ್ಕೆ ಇಳಿದು ಉಳಿದವಕ್ಕೆ ವೋಲ್ಟೇಜು ಮತ್ತೆ ಏರುತ್ತದೆ.

ಹೀಟರ್ ತಂತಿಯೇ ರೆಸಿಸ್ಟರಾಗುವುದೂ ಉಂಟು. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.09 ಓಮ್. ಹೋಗಿ ಬರುವುದು ಸೇರಿ ಒಂದು ಮೀಟರ್ ಆದರೆ ಒಂದೂವರೆ ಆಂಪಿಯರಿಗೆ 0.13 ವೋಲ್ಟು ದಾರಿಯಲ್ಲೇ ಖರ್ಚು. ಅದಕ್ಕೇ ಅಳೆಯಬೇಕಾದದ್ದು ಟ್ರಾನ್ಸ್‌ಫಾರ್ಮರಿನ ಕಾಲಿನಲ್ಲಲ್ಲ, ಸಾಲಿನ ಕೊನೆಯ ಸಾಕೆಟ್ಟಿನಲ್ಲಿ. ಎಲ್ಲ ವಾಲ್ವುಗಳೂ ಹಾಕಿರಬೇಕು, ಕಾದು ಇಪ್ಪತ್ತು ನಿಮಿಷವಾಗಿರಬೇಕು.

ಡಯೋಡಿನ ಉಪಾಯ ಚುರುಕು, ಆದರೆ ನನಗೆ ಹಿಡಿಸಿಲ್ಲ. ಎರಡು ಡಯೋಡುಗಳನ್ನು ಒಂದಕ್ಕೊಂದು ತಿರುವುಮುರುವಾಗಿ, ಸಮಾಂತರವಾಗಿ ಜೋಡಿಸಿದರೆ ಎರಡೂ ಅರ್ಧಚಕ್ರದಲ್ಲಿ 0.8 ವೋಲ್ಟಿನಷ್ಟು ಕಳೆಯುತ್ತದೆ, 6.9 ಇದ್ದದ್ದು 6.2ಕ್ಕೆ ಬರುತ್ತದೆ. ಹೊರೆ ಬದಲಾದರೂ ಇಳಿತ ಹೆಚ್ಚೇನೂ ಬದಲಾಗುವುದಿಲ್ಲ, ಅದು ರೆಸಿಸ್ಟರಿಗಿಲ್ಲದ ಗುಣ. ಆದರೆ ಅಲೆ ಸೊನ್ನೆ ದಾಟುವ ಕಡೆಯಲ್ಲೆಲ್ಲ ಒಂದು ಮೆಟ್ಟಿಲು ಹುಟ್ಟುತ್ತದೆ. 50 ಹರ್ಟ್ಸಿನ ಮೆತ್ತನೆಯ ಹಮ್ ಇದ್ದದ್ದು ಜೀರುಂಡೆಯ ಕಿರ್ರಾಗಿ ಮೊದಲ ವಾಲ್ವಿನ ಗ್ರಿಡ್ಡಿಗೆ ನುಸುಳುತ್ತದೆ. ಗಿಟಾರ್ ಸಿಗ್ನಲ್ಲು ಎಷ್ಟು ಸಣ್ಣದೆಂದು ಗೊತ್ತಿರುವವರು ಈ ಅಪಾಯ ಮೈಮೇಲೆ ಎಳೆದುಕೊಳ್ಳುವುದಿಲ್ಲ. ಅಲ್ಲದೆ ಅಗ್ಗದ ಮಲ್ಟಿಮೀಟರು ಅಲೆಯನ್ನು ಶುದ್ಧ ಸೈನ್ ಎಂದೇ ನಂಬಿ ಅಂಕಿ ತೋರಿಸುವುದರಿಂದ, ಡಯೋಡಿನ ನಂತರದ ಓದು ಪೂರ್ತಿ ನಂಬಿಕೆಗೆ ಅರ್ಹವಲ್ಲ. ಟ್ರೂ ಆರ್‌ಎಂಎಸ್ ಮೀಟರ್ ಬೇಕು.

ಡಿಸಿ ಮಾಡುವುದು ಕೇಳಲು ರಾಜಮಾರ್ಗ. ಲೆಕ್ಕಕ್ಕೆ ಕೂತರೆ ಇಕ್ಕಟ್ಟು ಕಾಣುತ್ತದೆ. 6.3 ವೋಲ್ಟ್ ಎಸಿಯ ಶಿಖರ 8.9, ಬ್ರಿಡ್ಜಿನ ಎರಡು ಡಯೋಡುಗಳಿಗೆ ಎರಡು ವೋಲ್ಟಿನ ಹತ್ತಿರ ಕೊಟ್ಟು, ಕೆಪಾಸಿಟರಿನ ಏರಿಳಿತ ಕಳೆದ ಮೇಲೆ ಎಲ್‌ಎಂ317 ರೆಗ್ಯುಲೇಟರಿಗೆ ಉಸಿರಾಡಲು ಬೇಕಾದ ಎರಡು ವೋಲ್ಟು ಉಳಿಯುವುದೇ ಇಲ್ಲ. ಮೇಲಾಗಿ ಹೀಗೆ ಕೆಪಾಸಿಟರ್ ತುಂಬಿಸುವ ವೈಂಡಿಂಗಿನಲ್ಲಿ ಹರಿಯುವ ಎಸಿ ಕರೆಂಟು ಡಿಸಿಯ ಒಂದೂವರೆ ಪಟ್ಟಿಗೂ ಹೆಚ್ಚು, ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಮೊದಲ ಒಂದೆರಡು ಪುಟ್ಟ ವಾಲ್ವುಗಳಿಗೆ ಮಾತ್ರ, ಹಮ್ ತಾಳಲಾರದೆ ಮಾಡುವುದಾದರೆ ಮಾಡಬಹುದು. ವೋಲ್ಟೇಜು ಇಳಿಸಲೆಂದೇ ಮಾಡುವುದು ಸೊಳ್ಳೆಗೆ ತೋಪು.

ಉಂಗುರದಾಕಾರದ ಟೊರಾಯ್ಡ್ ಟ್ರಾನ್ಸ್‌ಫಾರ್ಮರ್ ಇದ್ದವರಿಗೆ ಇದಕ್ಕಿಂತ ಚೆಂದದ ದಾರಿಯಿದೆ. ಮೇಲಿನಿಂದ ದಪ್ಪ ತಂತಿಯನ್ನು ಹತ್ತು ಸುತ್ತು ಸುತ್ತಿ ಎಷ್ಟು ವೋಲ್ಟು ಬರುತ್ತದೆಂದು ಅಳೆದು, 0.6ಕ್ಕೆ ಎಷ್ಟು ಸುತ್ತು ಬೇಕೋ ಅಷ್ಟನ್ನು ಹೀಟರ್ ವೈಂಡಿಂಗಿಗೆ ಎದುರಾಗಿ ಸೇರಿಸಿಬಿಟ್ಟರೆ ಶಾಖವೂ ಇಲ್ಲ, ಕಿರ್ರೂ ಇಲ್ಲ. ರೆಕ್ಟಿಫೈಯರ್ ವಾಲ್ವಿನ 5 ವೋಲ್ಟಿನ ವೈಂಡಿಂಗನ್ನು ಮಾತ್ರ ಇಂಥ ಆಟಗಳಿಗೆ ಎಳೆಯಬೇಡಿ. ಇಡೀ ಆಂಪ್ಲಿಫೈಯರಿನ ಕರೆಂಟು ಹಾಯುವುದು 5ವೈ3ಯ ಮೂಲಕ, ಅದರ ಫಿಲಮೆಂಟಿಗೆ ಉಪವಾಸ ಹಾಕಿದರೆ ಬೇಗ ಹೋಗುತ್ತದೆ.

ನನ್ನ 7.2ರ ಆಂಪ್ಲಿಫೈಯರಿನ ಗತಿ ಏನಾಯಿತೆಂದರೆ, ಮೊದಲು ನಾನೂ ರೆಸಿಸ್ಟರನ್ನೇ ಹಾಕಿದೆ. ಹೀಟರ್ 6.4ಕ್ಕೆ ಬಂತು, ಸಮಾಧಾನವಾಯಿತು. ಎರಡು ತಿಂಗಳಲ್ಲಿ 350 ವೋಲ್ಟಿನ ಫಿಲ್ಟರ್ ಕೆಪಾಸಿಟರ್ ಉಬ್ಬಿಕೊಂಡಾಗಲೇ ಎಚ್‌ಟಿ ಅಳೆಯಬೇಕಿತ್ತೆಂದು ಹೊಳೆದದ್ದು. ಪ್ರೈಮರಿ 220ರದು ಎಂದು ಆಗ ಗೊತ್ತಾಯಿತು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಹಿಂದಿನ ಗಲ್ಲಿಯೊಂದರ ವೈಂಡಿಂಗ್ ಅಂಗಡಿಗೆ ಹೊತ್ತುಕೊಂಡು ಹೋಗಿ, 0–220–240 ಟ್ಯಾಪು ಬೇಕು, ಹೀಟರಿಗೆ 6.3 ಬರಬೇಕಾದದ್ದು ಒಂದೂವರೆ ಆಂಪಿಯರ್ ಎಳೆಯುವಾಗ, ಬರಿದೇ ಇರುವಾಗಲ್ಲ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಈಗ 240ರ ಟ್ಯಾಪಿನಲ್ಲಿ ಸಂಜೆ 6.1, ನಡುರಾತ್ರಿ 6.4. ಕಿತ್ತ ಎರಡು ರೆಸಿಸ್ಟರುಗಳು ಡಬ್ಬಿಯಲ್ಲಿವೆ, ಹಳೆಯ ಇಎಲ್84ಗಳನ್ನು ಪರೀಕ್ಷಿಸುವಾಗ ಹೀಟರ್ ಇಳಿಸಲು ಕೆಲಸಕ್ಕೆ ಬರುತ್ತವೆ.